ಉತ್ತಮ ಪುರುಷ, ಏಕವಚನ

ಬೆಳಿಗ್ಗೆ ಹತ್ತಕ್ಕೆ ಕರೆ.
ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು
ಡ್ರೈಯರ್ ಮೇಲೆ ನೋಟ್‌ಬುಕ್ ಇಟ್ಟು ಕೂತಿದ್ದೇನೆ.
ನನ್ನ ಹೆಸರು ಹೇಳುವಂತಿಲ್ಲ, ನಂಬರು ಅಷ್ಟೆ.
ಕೇಳಿದ್ದನ್ನು ಕೇಳಿದ ಹಾಗೆ ದಾಟಿಸಬೇಕು,
ಕೂಡಿಸುವಂತಿಲ್ಲ, ಕಳೆಯುವಂತಿಲ್ಲ,
'ಅವಳು ಹೇಳುತ್ತಾಳೆ' ಅನ್ನುವಂತೆಯೂ ಇಲ್ಲ.
ಅವಳು ನಾನು ಎಂದರೆ ನಾನೂ ನಾನು.

ಹೈಸ್ಕೂಲಿನಲ್ಲಿ ದಾಸೇಗೌಡ ಮೇಷ್ಟ್ರು ಬೋರ್ಡಿಗೆ ಬರೆದಿದ್ದರು:
ನಾನು, ಉತ್ತಮ ಪುರುಷ. ನೀನು, ಮಧ್ಯಮ ಪುರುಷ.
ಎದುರಿಗೆ ಇಲ್ಲದವನು ಪ್ರಥಮ ಪುರುಷ.
ಹುಡುಗಿಯರ ಬೆಂಚು ಕಿಸಕ್ಕನೆ ನಕ್ಕಿತ್ತು,
ನಾವೂ ಪುರುಷರಾ ಸಾರ್?

ಈಗ ಬ್ಯಾಲರಾಟಿನ ಜುಲೈ ಚಳಿಯಲ್ಲಿ
ಉತ್ತಮ ಪುರುಷದಲ್ಲೇ, ಇಂಗ್ಲಿಷಿನಲ್ಲಿ ಹೇಳಿದೆ:
ಭಾನುವಾರ ಅವನು ನನ್ನ ಕುತ್ತಿಗೆ ಹಿಡಿದ.
ನನಗೆ ಸ್ವಲ್ಪ ಹೊತ್ತು ಕಣ್ಣು ಕಾಣಿಸಲಿಲ್ಲ.
ಹಿತ್ತಿಲಲ್ಲಿ ನನ್ನ ಗಂಡ
ಕಸದ ಬಿನ್ ತೊಳೆಯುತ್ತ ಶಿಳ್ಳೆ ಹಾಕುತ್ತಿದ್ದ.

ಬ್ರಾನ್ವಿನ್‌ಳ 'ಯೂ'ಗೆ ಮರ್ಯಾದೆಯೂ ಇಲ್ಲ, ಅವಮರ್ಯಾದೆಯೂ ಇಲ್ಲ.
ನಾನು 'ನೀವು' ಅಂದೆ.
ಆ ಕಡೆ ಒಂದು ಕ್ಷಣ ಸದ್ದಿಲ್ಲ.

ಸೇಫ್ಟಿ ಪ್ಲಾನ್ ಮಾಡೋಣ, ಅಂದಳು ಬ್ರಾನ್ವಿನ್.
ಸುರಕ್ಷತಾ ಯೋಜನೆ ಅಂದರೆ ಸರ್ಕಾರಿ ಬೋರ್ಡು.
ಕ್ಷೇಮ, ಅಂದೆ. ಹಳೇ ಕಾಗದಗಳ ಮೊದಲ ಸಾಲಿನ ಕ್ಷೇಮ,
ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದು
ಉಳಿದದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದರಲ್ಲ, ಅದು.
ಹಂಗ ಹೇಳೀನ್ರಿ ಅವ್ವಗ, ಅಂದಳು.
ದಾಟಿಸಿದೆ: ನನ್ನ ತಾಯಿಗೆ ಹಾಗೇ ಹೇಳಿದ್ದೇನೆ.

ಅವನ ದನಿ ಏರಿದಾಗ ಯಾವ ಕಡೆ ಹೋಗುತ್ತೀರಿ?
ಅಡಿಗಿಮನಿಗಿ ರೀ. ಅದೊಂದ ನಂದು.
ಅಡುಗೆಮನೆ ಬೇಡ, ಅಲ್ಲಿ ಚಾಕು ಇದೆ.
ಬಚ್ಚಲೂ ಬೇಡ, ಅದಕ್ಕೆ ಇನ್ನೊಂದು ಬಾಗಿಲಿಲ್ಲ.
ಹೊರಬಾಗಿಲ ಹತ್ತಿರ, ಶೂ ಬಿಡುವ ಕಡೆ ನಿಲ್ಲಿ.
ಹೊಸ್ತಿಲಲ್ಲಿ ನಿಲ್ಲಬೇಡ ಅಂತ ಬೈಸಿಕೊಂಡು ಬೆಳೆದವಳು
ಅಂಥವಳೇ ಇನ್ನೊಬ್ಬಳಿಗೆ ಹೇಳುತ್ತಿದ್ದೇನೆ,
ಹೊಸ್ತಿಲ ಬಿಟ್ಟು ದೂರ ಹೋಗಬೇಡಿ.

ಪಾಸ್‌ಪೋರ್ಟು? ಅವನ ಕಪಾಟಿನಲ್ಲಿ.
ಅದರದೊಂದು ಫೋಟೋ?
ತೆಗೆದು ಎಲ್ಲಿಡಲಿ, ದಿನಾ ರಾತ್ರಿ ಫೋನ್ ನೋಡುತ್ತಾನೆ.
ಎದುರು ಮನೆಯ ಗ್ಲೆನಿಸ್ ಅಜ್ಜಿ ಒಳ್ಳೆಯವಳು,
ಅವಳ ಹತ್ತಿರ ಒಂದು ಚೀಲ ಇಡಬಹುದು.
ಮಗುವಿನ ಪಫರ್, ಒಂದು ಜೊತೆ ಬಟ್ಟೆ, ಬಸ್ಸಿನ ದುಡ್ಡು.
ಮಗಳಿಗೆ ಐದು ವರ್ಷವಾ? ಮೂರು ಸೊನ್ನೆ ಒತ್ತುವುದು ಕಲಿಸಿ.
ಮುಂದ ಒಂದು ಅಂಕಿ ಇರದ ಸೊನ್ನಿಗೆ
ಕಿಮ್ಮತ್ತಿಲ್ಲ ಅಂತಾರಲ್ರಿ?
ಇಲ್ಲಿ ಇದೆ ಅನ್ನಬಹುದಿತ್ತು. ಕೂಡಿಸುವಂತಿಲ್ಲ.
ಇಂಗ್ಲಿಷಿಗೆ ತಂದೆ, ಬ್ರಾನ್ವಿನ್‌ಗೆ ಹತ್ತಲಿಲ್ಲ,
ಇನ್ನೊಮ್ಮೆ ತಂದೆ, ಆಗ ನಕ್ಕಳು.
ಆ ನಗುವನ್ನು ನಾನು ದಾಟಿಸಲಿಲ್ಲ, ತಾನೇ ದಾಟಿತು.

ಆಗ ಫೋನಿನೊಳಗೆ ರೈಲ್ವೆ ಗೇಟಿನ ಗಂಟೆ.
ನನ್ನ ಕಿಟಕಿಯಾಚೆಯೂ ಅದೇ ಗಂಟೆ,
ಒಂದು ಉಸಿರು ಹಿಂದುಮುಂದಾಗಿ.
ಒಂದೇ ಗೇಟು, ಒಂದೇ ರೈಲು.
ಪೆನ್ನು ನಿಂತಿತು.
ಇಂಟರ್‌ಪ್ರಿಟರ್, ಕೇಳಿಸುತ್ತಿದೆಯಾ?
ಕೇಳಿಸುತ್ತಿದೆ, ಅಂದೆ.
ಆ ಇಡೀ ಕರೆಯಲ್ಲಿ ಅದೊಂದೇ ನನ್ನ ಮಾತು.

ಶನಿವಾರ ತರಕಾರಿ ಅಂಗಡಿಯಲ್ಲಿ
ಮೆಂತ್ಯದ ಕಟ್ಟನ್ನು ಮೂಸುತ್ತಿದ್ದ ಹೆಂಗಸು,
ಕೊರಳಿಗೆ ಎರಡು ಸುತ್ತು ಮಫ್ಲರ್.
ಜುಲೈ. ಊರೇ ಮಫ್ಲರ್ ಸುತ್ತಿಕೊಂಡಿದೆ.
ಟ್ರಾಲಿ ಹಿಡಿದ ಗಂಡಸು, ಒಳ್ಳೆ ನಗುಮುಖ.
ಒಳಗೆ ಕೂತ ಮಗು ಕಾಲಾಡಿಸುತ್ತ
ಬೆರಳಿಂದ ಗಾಳಿಯಲ್ಲಿ ಏನೋ ಒತ್ತುತ್ತಿತ್ತು.
ಇವಳೇ ಆಗಿರಬೇಕೆಂದಿಲ್ಲ.
ಅವಳಿಗೆ ನನ್ನ ಮುಖ ಗೊತ್ತಿಲ್ಲ. ದನಿ ಗೊತ್ತು.

ಅಷ್ಟರಲ್ಲಿ ಅಮ್ಮನ ಫೋನು.
ಹಲೋ ಅಂದರೆ ಅವಳು ತಿರುಗಿಯಾಳು,
ತಿರುಗಿದರೆ ಅವನು ಕೇಳಿಯಾನು, ಯಾರೇ ಅದು?
ಫೋನು ಜೇಬಿನಲ್ಲೇ ನಡುಗಿ ನಡುಗಿ ಸುಮ್ಮನಾಯಿತು.
ಮೆಷಿನ್ನಿಗೆ ಕಾರ್ಡು ತೋರಿಸಿ, ಮೆಂತ್ಯ ಬಿಟ್ಟು,
ಮಾತಿಲ್ಲದೆ ಹೊರಗೆ ಬಂದೆ.
ಕಾರಿನಲ್ಲಿ ಕೂತು ವಾಪಸ್ಸು ಮಾಡಿದೆ.
ಹೇಗಿದ್ದೀಯೇ? ಅಂದಳು.
ಬಾಯಿಗೆ ಬಂದ ಪದವನ್ನು ತಡೆದು
ಇಲ್ಲಿ ತುಂಬ ಚಳಿ ಅಮ್ಮಾ, ಅಂದೆ.